ಗಂಟು ಬೀಜದಲ್ಲಿದೆಯೋ, ಪಕ್ಕದಲ್ಲಿದೆಯೋ?

ಈ ಸಲ ಬಂದ ಕಾಗದಗಳಲ್ಲಿ ಗಂಡಸರದ್ದೇ ಜಾಸ್ತಿ. ಹೆಚ್ಚಿನವರು ಹೆಸರು ಹಾಕಿಲ್ಲ. ಕೆಲವರು ಊರನ್ನೂ ಬರೆದಿಲ್ಲ. ಹಾಸನದಲ್ಲಿ ಸರ್ಜನ್ ಆಗಿ ಬಹಳ ವರ್ಷ ಕಳೆದವನು ನಾನು, ಈ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಬಂದವರು ಮೊದಲು ಗ್ಯಾಸ್ಟ್ರಿಕ್ ಅಂತಾರೆ, ಆಮೇಲೆ ಸೊಂಟನೋವು ಅಂತಾರೆ. ಚೀಟಿ ತಗೊಂಡು ಬಾಗಿಲ ತನಕ ಹೋಗಿ, ನಿಂತು, "ಇನ್ನೊಂದು ವಿಷಯ ಇತ್ತು ಡಾಕ್ಟ್ರೇ" ಅಂತಾರೆ. ಅವರು ಬಂದಿದ್ದೇ ಆ ವಿಷಯಕ್ಕೆ, ಬೀಜದ ಅಂದರೆ ವೃಷಣದ ತೊಂದರೆಗೆ. ಆದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನನಗೆ 29 ವರ್ಷ. ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ. ಹೋದ ತಿಂಗಳು ಸ್ನಾನ ಮಾಡುವಾಗ ಬಲಗಡೆ ಬೀಜದ ಮೇಲ್ಭಾಗದಲ್ಲಿ ಬಟಾಣಿ ಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಸ್ಕ್ಯಾನಿಂಗ್ ಮಾಡಿಸಿದೆ. ಬಲಗಡೆ ಎಪಿಡಿಡಿಮಿಸ್‌ನ ತಲೆಭಾಗದಲ್ಲಿ 9 ಮಿಲಿಮೀಟರ್ ಸಿಸ್ಟ್ ಇದೆ, ಎರಡೂ ವೃಷಣ ಸರಿಯಾಗಿವೆ ಅಂತ ರಿಪೋರ್ಟ್ ಬಂತು. ಒಬ್ಬ ಡಾಕ್ಟರು ಬೇಗ ಆಪರೇಷನ್ ಮಾಡಿಸಿ ತೆಗೆಸಿಬಿಡಿ ಅಂದರು. ಗೆಳೆಯನೊಬ್ಬ ಇದು ಕ್ಯಾನ್ಸರ್‌ಗೆ ತಿರುಗುತ್ತೆ ಅಂತಾನೆ. ಕಾಫಿ ಮೂಟೆ ಎತ್ತಿದ್ದಕ್ಕೆ ಬಂತಾ? ಏಪ್ರಿಲ್‌ನಲ್ಲಿ ಮದುವೆ. ಮಕ್ಕಳಾಗುತ್ತಾ? ಹುಡುಗಿಗೆ ಹೇಳಬೇಕಾ? ರಾತ್ರಿ ನಿದ್ದೆ ಬರುತ್ತಿಲ್ಲ.
— ಹೆಸರು ಬೇಡ, ಸಕಲೇಶಪುರ

ಉತ್ತರ: ಇವತ್ತು ರಾತ್ರಿ ನಿಶ್ಚಿಂತೆಯಿಂದ ಮಲಗಿ. ನಿಮ್ಮ ರಿಪೋರ್ಟಿನಲ್ಲಿರುವುದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್‌ಗೆ ತಿರುಗುವಂಥದ್ದೂ ಅಲ್ಲ. ಮಕ್ಕಳಾಗುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಆಪರೇಷನ್ ಬೇಡ. ಮದುವೆ ಏಪ್ರಿಲ್‌ನಲ್ಲೇ ಆಗಲಿ. ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅನ್ನೋದನ್ನು ಈಗ ವಿವರಿಸುತ್ತೇನೆ.

ಪ್ರತಿ ಬೀಜದ ಹಿಂದೆ, ಮೇಲಿಂದ ಕೆಳಗೆ, ಮೆತ್ತಗಿನ ಒಂದು ಪಟ್ಟಿ ಅಂಟಿಕೊಂಡಿರುತ್ತೆ. ಅದೇ ಎಪಿಡಿಡಿಮಿಸ್. ಮುಟ್ಟಿದರೆ ಒಂದು ಪುಟ್ಟ ಉಬ್ಬು ಅನ್ನಿಸುತ್ತೆ ಅಷ್ಟೆ, ಆದರೆ ಒಳಗಿರುವುದು ಕೂದಲಿನಷ್ಟು ಸಣ್ಣ ನಾಳ. ಸುರುಳಿ ಸುತ್ತಿ ಕೂತಿರುವ ಅದನ್ನು ಬಿಡಿಸಿ ಎಳೆದರೆ ಸುಮಾರು 6 ಮೀಟರ್ ಉದ್ದ ಆಗುತ್ತೆ! ಬೀಜದಲ್ಲಿ ಹುಟ್ಟಿದ ವೀರ್ಯಾಣುವಿಗೆ ಮೊದಲು ಈಜೋಕೆ ಬರುವುದಿಲ್ಲ. ಈ 6 ಮೀಟರ್ ದಾರಿಯಲ್ಲಿ ಕೆಲವು ದಿನ ಸಾಗುತ್ತಾ ಅದು ಬಲಿಯುತ್ತೆ, ಈಜುವ ಶಕ್ತಿ ಪಡೆಯುತ್ತೆ. ಆಮೇಲೆ ಮೇಲಿನ ವೀರ್ಯನಾಳಕ್ಕೆ ಹೋಗುತ್ತೆ.

ಈ ಸುರುಳಿಯ ಮೇಲ್ತುದಿಗೆ ತಲೆ ಅಂತ ಹೆಸರು. ಅಲ್ಲಿ ಕೆಲವೊಮ್ಮೆ ನೀರು ತುಂಬಿದ ಸಣ್ಣ ಗುಳ್ಳೆ ಬೆಳೆಯುತ್ತೆ. ಒಳಗೆ ತಿಳಿನೀರಿದ್ದರೆ ಎಪಿಡಿಡಿಮಲ್ ಸಿಸ್ಟ್. ವೀರ್ಯಾಣು ಬೆರೆತು ಹಾಲಿನಂತೆ ಇದ್ದರೆ ಸ್ಪರ್ಮಟೋಸೀಲ್. ಸ್ಕ್ಯಾನಿಂಗ್‌ನಲ್ಲಿ ಇವೆರಡನ್ನೂ ಯಾವಾಗಲೂ ಬೇರೆ ಮಾಡಿ ಹೇಳೋಕೆ ಆಗಲ್ಲ. ಹೇಳುವ ಅಗತ್ಯವೂ ಇಲ್ಲ, ಎರಡಕ್ಕೂ ಮಾಡಬೇಕಾದ್ದು ಒಂದೇ. ಬೇರೆ ಏನಕ್ಕೋ ಸ್ಕ್ಯಾನಿಂಗ್‌ಗೆ ಬಂದ ಗಂಡಸರಲ್ಲೂ ಇಂಥ ಗುಳ್ಳೆ ಆಗಾಗ ಸಿಗುತ್ತಲೇ ಇರುತ್ತೆ, ಬಹಳ ಜನಕ್ಕೆ ಅದು ಇದೆ ಅಂತ ಜೀವಮಾನದಲ್ಲಿ ಗೊತ್ತೇ ಆಗುವುದಿಲ್ಲ.

ಮೂಟೆ ಎತ್ತಿದ್ದರಿಂದ ಇದು ಬರಲ್ಲ. ಹಸ್ತಮೈಥುನದಿಂದಲೂ ಬರಲ್ಲ. ನೀವು ಅದನ್ನು ಕೇಳಿಲ್ಲ, ಆದರೆ ಬೇರೆ ಕಾಗದಗಳಲ್ಲಿ ಅದೇ ಭಯ ತುಂಬಿದೆ, ಅದಕ್ಕೆ ಹೇಳಿದೆ. ಹೆಚ್ಚಿನವರಲ್ಲಿ ನಿಖರವಾದ ಕಾರಣ ಸಿಗುವುದಿಲ್ಲ. ಸಣ್ಣ ನಾಳ ಎಲ್ಲೋ ಕಟ್ಟಿಕೊಂಡು, ಅದರ ಹಿಂದೆ ದ್ರವ ನಿಂತು ಉಬ್ಬುತ್ತೆ ಅನ್ನೋದು ಒಪ್ಪುವಂಥ ವಿವರಣೆ.

ಇನ್ನು ಕ್ಯಾನ್ಸರ್ ಭಯ. ಇಲ್ಲಿ ನಾನು ಎಲ್ಲ ಗಂಡಸರಿಗೂ ಒಂದು ಮಾತು ಹೇಳಬೇಕು. ಗಂಟು ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದು ಎಲ್ಲಿದೆ ಅನ್ನೋದು ಮುಖ್ಯ. ನನ್ನ ಹತ್ತಿರ ಬಂದವರನ್ನು ಮೊದಲು ನಿಲ್ಲಿಸಿ ನೋಡುತ್ತೇನೆ, ಆಮೇಲೆ ಮಲಗಿಸಿ. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಬೀಜವನ್ನು ಹಗುರವಾಗಿ ಹಿಡಿದು ಅದರ ಸುತ್ತ ಬೆರಳು ಆಡಿಸುತ್ತೇನೆ. ಸರಿಯಾದ ಬೀಜ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ ನುಣ್ಣಗೆ, ಎಲ್ಲ ಕಡೆ ಒಂದೇ ಬಿಗಿಯಲ್ಲಿ ಇರುತ್ತೆ. ಸಿಸ್ಟ್ ಇದ್ದರೆ ಬೀಜಕ್ಕೂ ಗಂಟಿಗೂ ನಡುವೆ ಬೆರಳು ತೂರುವಷ್ಟು ಸಂದು ಸಿಗುತ್ತೆ. ಎರಡೂ ಬೇರೆ ಬೇರೆ ಅಂತ ಬೆರಳಿಗೇ ಗೊತ್ತಾಗುತ್ತೆ. ಆಮೇಲೆ ಪರದೆ ಎಳೆದು, ಲೈಟ್ ಆರಿಸಿ, ಹಿಂದಿನಿಂದ ಪೆನ್‌ಟಾರ್ಚ್ ಹಿಡಿಯುತ್ತೇನೆ. ನೀರು ತುಂಬಿದ ಗುಳ್ಳೆ ಕೆಂಪಗೆ ಬೆಳಗುತ್ತೆ. ಗಟ್ಟಿ ಗಡ್ಡೆಯಾದರೆ ಬೆಳಕು ಆಚೆ ಬರಲ್ಲ, ಕಪ್ಪಗೇ ಉಳಿಯುತ್ತೆ.

ಇದನ್ನು ಓದಿ ಮನೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೀವೇ ತೀರ್ಮಾನ ಮಾಡಬೇಡಿ. ತೀರಾ ಸಣ್ಣ ಸಿಸ್ಟ್ ಬೆಳಗುವುದು ಕಾಣದೇ ಇರಬಹುದು. ಕೆಲವು ಸಲ ಬೀಜದಲ್ಲಿ ಗಡ್ಡೆ ಇದ್ದಾಗ ಅದರ ಸುತ್ತ ನೀರೂ ತುಂಬಿಕೊಂಡಿರುತ್ತೆ. ಟಾರ್ಚ್‌ಗೆ ನೀರು ಬೆಳಗಿ, ಗಡ್ಡೆ ಮರೆಯಾಗಿಬಿಡುತ್ತೆ. ಅದಕ್ಕೇ ಸ್ಕ್ಯಾನಿಂಗ್ ಬೇಕು ಅನ್ನೋದು. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಥರ ವಿಕಿರಣ ಇಲ್ಲ, ಚುಚ್ಚುವುದಿಲ್ಲ. ಸ್ವಲ್ಪ ತಣ್ಣನೆಯ ಜೆಲ್ ಹಚ್ಚುತ್ತಾರೆ, ಅಷ್ಟೆ. ನಿಮಗೆ ಅದು ಆಗಿದೆ, ಗಂಟು ಬೀಜದ ಹೊರಗಿದೆ, ಒಳಗೆ ಬರೀ ನೀರು. ವಿಷಯ ಅಲ್ಲಿಗೆ ಮುಗಿಯಿತು.

ಬೀಜದ ಕ್ಯಾನ್ಸರ್ ಶುರುವಾಗುವುದು ಬೀಜದ ಮೈಯಲ್ಲೇ. ಗಟ್ಟಿಯಾಗಿರುತ್ತೆ, ಬಹಳ ಸಲ ನೋವೇ ಇರುವುದಿಲ್ಲ. ಅದಕ್ಕೇ ಜನ ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ನಮ್ಮ ದೇಶದಲ್ಲಿ ಇದು ಅಪರೂಪ, ನಿಜ. ಆದರೆ ಬರುವುದು ಹೆಚ್ಚಾಗಿ 15ರಿಂದ 40 ವಯಸ್ಸಿನ ಒಳಗೆ, ದುಡಿಯುವ ಹುಡುಗರಿಗೆ. ಹುಟ್ಟಿದಾಗ ಬೀಜ ಚೀಲಕ್ಕೆ ಇಳಿದಿರದಿದ್ದವರಿಗೆ ಅಪಾಯ ಜಾಸ್ತಿ, ಅಂಥವರು ಈ ಸಾಲನ್ನು ಎರಡು ಸಲ ಓದಲಿ. ಗಂಟು ಬೀಜದಲ್ಲೇ ಇದೆ ಅನ್ನಿಸಿದರೆ ಆ ವಾರವೇ ಸರ್ಜನ್ ಹತ್ತಿರ ಹೋಗಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಾಗಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ತೋರಿಸಬಹುದು. ಸ್ಕ್ಯಾನಿಂಗ್ ಜೊತೆಗೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಅಂತ ಮೂರು ರಕ್ತಪರೀಕ್ಷೆ ಬರೆಯುತ್ತಾರೆ. ಬೇಗ ಸಿಕ್ಕರೆ ಇದು ಪೂರ್ತಿ ವಾಸಿಯಾಗುವ ಕ್ಯಾನ್ಸರ್. ನೂರರಲ್ಲಿ 90ಕ್ಕೂ ಜಾಸ್ತಿ ಜನ ಗುಣವಾಗುತ್ತಾರೆ. ಒಂದು ಬೀಜ ತೆಗೆದರೂ ಇನ್ನೊಂದು ಚೆನ್ನಾಗಿದ್ದರೆ ಸಂಸಾರಕ್ಕೂ ಮಕ್ಕಳಿಗೂ ಸಾಮಾನ್ಯವಾಗಿ ಸಾಕು. ಯಾರಾದರೂ ಚೀಲದ ಚರ್ಮದ ಮೂಲಕ ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದು ನೋಡೋಣ ಅಂದರೆ ಮಾತ್ರ ಒಪ್ಪಬೇಡಿ. ಬೀಜದಲ್ಲಿ ಕ್ಯಾನ್ಸರ್ ಅನುಮಾನ ಇದ್ದಾಗ ಹಾಗೆ ಚುಚ್ಚಬಾರದು, ಹರಡುವ ಭಯ ಇರುತ್ತೆ.

ಈಗ ನಿಮ್ಮ ಆಪರೇಷನ್ ಮಾತು. ಇದನ್ನು ಕೇಳಿ ನನಗೆ ನಿಜಕ್ಕೂ ಬೇಸರ ಆಯಿತು. ಆಗಲೇ ಹೇಳಿದೆನಲ್ಲ, ಎಪಿಡಿಡಿಮಿಸ್ ಅಂದರೆ ಸುರುಳಿ ಸುತ್ತಿದ ಒಂದೇ ನಾಳ ಅಂತ. ಸಿಸ್ಟ್ ಬಿಡಿಸುವಾಗ ಆ ನಾಳಕ್ಕೆ ಗಾಯವಾದರೆ, ಅಥವಾ ಗಾಯ ಮಾಗುವಾಗ ಅಲ್ಲಿ ಗಂಟು ಕಟ್ಟಿದರೆ, ಆ ಕಡೆಯ ಬೀಜದಿಂದ ವೀರ್ಯಾಣು ಬರುವ ದಾರಿ ಮುಚ್ಚಬಹುದು. ಮಕ್ಕಳಾಗೋಕೆ ಸಿಸ್ಟ್ ಅಡ್ಡಿ ಮಾಡಲ್ಲ, ಅದನ್ನು ತೆಗೆಯೋಕೆ ಹೋದ ಕತ್ತಿ ಮಾಡಬಹುದು. ಇನ್ನೂ ಮಕ್ಕಳಾಗಬೇಕಾದ ಹುಡುಗನಿಗೆ, ನೋವೇ ಇಲ್ಲದ 9 ಮಿಲಿಮೀಟರ್ ಗುಳ್ಳೆಗೆ ಆಪರೇಷನ್ ಬರೆಯುವುದು ತಪ್ಪು ಅಂತಲೇ ನಾನು ಹೇಳುತ್ತೇನೆ. ಸೂಜಿ ಹಾಕಿ ನೀರು ತೆಗೆಸುವುದೂ ಬೇಡ. ಮತ್ತೆ ತುಂಬಿಕೊಳ್ಳುತ್ತೆ, ಕೀವಾಗುವ ಅಪಾಯ ಬೇರೆ. ಕರಗಿಸುವ ಮಾತ್ರೆಯಂತೂ ಇಲ್ಲ. ಯಾರಾದರೂ ಕೊಟ್ಟರೆ ದುಡ್ಡು ದಂಡ.

ಸಿಸ್ಟ್ ತುಂಬಾ ದೊಡ್ಡದಾಗಿ ಭಾರ ಅನ್ನಿಸಿದರೆ, ಬೈಕಿನಲ್ಲಿ ಕೂರೋಕೆ ತೊಂದರೆಯಾದರೆ, ನೋವು ಬಿಡದೆ ಕಾಡಿದರೆ ಆಗ ತೆಗೆಸಬಹುದು. ಅದೂ ಮಕ್ಕಳಾದ ಮೇಲೆ ಅನ್ನೋದು ಒಳ್ಳೇದು. ಸದ್ಯಕ್ಕೆ ನೀವು ಮಾಡಬೇಕಾದ್ದು ಇಷ್ಟೇ: ಅಪರೂಪಕ್ಕೊಮ್ಮೆ ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ ಮುಟ್ಟಿ ನೋಡಿ. ಬೆಳೆದಿದೆ, ಗಟ್ಟಿಯಾಗಿದೆ, ನೋಯುತ್ತಿದೆ ಅನ್ನಿಸಿದರೆ ಇನ್ನೊಂದು ಸ್ಕ್ಯಾನಿಂಗ್. ದಿನಾ ಹತ್ತು ಸಲ ಹಿಸುಕಿ ನೋಡಬೇಡಿ, ಹಿಸುಕಿದ್ದಕ್ಕೇ ನೋವು ಶುರುವಾಗುತ್ತೆ. ಒಂದು ಬೀಜ ಇನ್ನೊಂದಕ್ಕಿಂತ ಸ್ವಲ್ಪ ಕೆಳಗೆ ತೂಗುವುದು, ಅಳತೆಯಲ್ಲಿ ತುಸು ವ್ಯತ್ಯಾಸ ಇರುವುದು ಎಲ್ಲರಲ್ಲೂ ಇದ್ದದ್ದೇ.

ಹುಡುಗಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಮುಚ್ಚಿಡುವಂಥ ರೋಗ ಇದಲ್ಲ. ಮುಂಚೆಯೇ ಹೇಳಿಬಿಡಬೇಕಾದ ದೋಷವೂ ಅಲ್ಲ. ಆದರೆ ಈ ಚಿಂತೆಯಲ್ಲಿ ನೀವು ಇಷ್ಟು ಬೆಂದಿದ್ದೀರಿ. ಮದುವೆಯಾಗುವವಳ ಹತ್ತಿರ ಹೇಳಿಕೊಂಡರೆ ಮನಸ್ಸು ಹಗುರಾಗುತ್ತೆ ಅನ್ನಿಸಿದರೆ ಧಾರಾಳವಾಗಿ ಹೇಳಿ. ಬೇಕಿದ್ದರೆ ಈ ಪುಟವನ್ನೇ ತೋರಿಸಿ.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಎರಡು ಮೂರು ಸಲ ರಾತ್ರಿ ಮಲಗಿದ್ದವನು ಎದ್ದು ಬೀಜ ನೋವು ಅಂತ ಅತ್ತಿದ್ದಾನೆ. ಒಂದು ಸಲ ವಾಂತಿಯೂ ಆಯಿತು. ಅರ್ಧ ಗಂಟೆಯಲ್ಲಿ ತಾನೇ ಹೋಗುತ್ತೆ. ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ ಅಂತ ಮನೆಯವರು ಸುಮ್ಮನಿದ್ದಾರೆ. ತೋರಿಸಬೇಕಾ?
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ಅಮ್ಮಾ, ಈ ಕಾಗದಕ್ಕೆ ಫೋನಿನಲ್ಲೇ ಉತ್ತರ ಹೇಳಿದ್ದೇನೆ. ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅಲ್ಲ ಇದು. ಬೇರೆ ತಂದೆತಾಯಿಗಳಿಗೂ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಬೀಜ ಒಂದು ಬಳ್ಳಿಗೆ ತೂಗಿಕೊಂಡಿರುತ್ತೆ. ರಕ್ತ ಬರುವುದೂ ಹೋಗುವುದೂ ಆ ಬಳ್ಳಿಯಲ್ಲೇ. ಕೆಲವು ಹುಡುಗರಲ್ಲಿ ಬೀಜ ಒಳಗೆ ಗಟ್ಟಿಯಾಗಿ ಅಂಟಿರುವುದಿಲ್ಲ, ಹಾಗಾಗಿ ಬಳ್ಳಿ ತಿರುಚಿಕೊಳ್ಳುತ್ತೆ. ಇದಕ್ಕೆ ಟಾರ್ಷನ್ ಅಂತಾರೆ. ತಿರುಚಿದ ಕೂಡಲೇ ರಕ್ತ ನಿಲ್ಲುತ್ತೆ, ತಡೆಯಲಾಗದ ನೋವು ಬರುತ್ತೆ, ಜೊತೆಗೆ ವಾಂತಿ. ಬೀಜ ಮೇಲಕ್ಕೆ ಎಳೆದುಕೊಂಡ ಹಾಗೆ ಕಾಣುತ್ತೆ. ಹೈಸ್ಕೂಲು, ಪಿಯುಸಿ ವಯಸ್ಸಿನ ಹುಡುಗರಲ್ಲೇ ಇದು ಹೆಚ್ಚು. ನಿಮ್ಮ ಮಗನದ್ದು ತಿರುಚಿಕೊಂಡು ತಾನೇ ಬಿಚ್ಚಿಕೊಳ್ಳುತ್ತಿದೆ ಅಂತ ನನ್ನ ಬಲವಾದ ಅನುಮಾನ. ಒಂದು ದಿನ ಬಿಚ್ಚಿಕೊಳ್ಳದೇ ಹೋದರೆ?

ನೋವು ಶುರುವಾದ ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡಿ ಬಿಡಿಸಿದರೆ ಬೀಜ ಉಳಿಯುವ ಸಾಧ್ಯತೆ ತುಂಬಾ ಚೆನ್ನಾಗಿದೆ. ಆಮೇಲೆ ಗಂಟೆ ಗಂಟೆಗೂ ಅದು ಕಡಿಮೆಯಾಗುತ್ತೆ. ಈ 6 ಗಂಟೆ ಆಸ್ಪತ್ರೆ ಬಾಗಿಲಿನಿಂದ ಲೆಕ್ಕ ಅಲ್ಲ, ನೋವು ಬಂದ ನಿಮಿಷದಿಂದ. ಕಳಸದಿಂದಲೋ ಶಿರಾಡಿ ಕಡೆಯ ತೋಟದಿಂದಲೋ ಘಟ್ಟದ ರಸ್ತೆಯಲ್ಲಿ ಬರುವವರಿಗೆ ದಾರಿಯಲ್ಲೇ ಅದರಲ್ಲಿ ಎಷ್ಟೋ ಹೊತ್ತು ಕಳೆದುಹೋಗುತ್ತೆ. ಬೆಳಗ್ಗೆ ನೋಡೋಣ ಅನ್ನಬೇಡಿ. ಎಣ್ಣೆ ಹಚ್ಚಿ ಕಾವು ಕೊಡುತ್ತಾ ಕೂರಬೇಡಿ. ರಾತ್ರಿ ಎರಡು ಗಂಟೆಯಾದರೂ 108ಕ್ಕೆ ಫೋನ್ ಮಾಡಿ, ಆಪರೇಷನ್ ಮಾಡುವ ಆಸ್ಪತ್ರೆಗೇ ನೇರವಾಗಿ ಹೋಗಿ. ಹೊಟ್ಟೆ ಖಾಲಿ ಇರಲಿ, ದಾರಿಯಲ್ಲಿ ಕಾಫಿ ಕುಡಿಸಬೇಡಿ. ನೋವು ಬಂದು ಹೋಗಿ ಮಾಡುತ್ತಿದ್ದರೂ ಸರ್ಜನ್‌ಗೆ ತೋರಿಸಲೇಬೇಕು. ಎರಡೂ ಬೀಜಗಳನ್ನು ಒಳಗೆ ಹೊಲಿದು ನಿಲ್ಲಿಸುವ ಸಣ್ಣ ಆಪರೇಷನ್ ಇದೆ, ಆಮೇಲೆ ಈ ಭಯ ಬಹುಮಟ್ಟಿಗೆ ಇರಲ್ಲ.

ಮಕ್ಕಳು ನಾಚಿಕೆಯಿಂದ ಬೀಜ ನೋವು ಅನ್ನದೆ ಕೆಳಹೊಟ್ಟೆ ನೋವು ಅಂತಲೂ ಹೇಳುತ್ತಾರೆ. ಹುಡುಗ ಹೊಟ್ಟೆನೋವು ಅಂತ ಒದ್ದಾಡುತ್ತಿದ್ದರೆ ಕೆಳಗೂ ನೋವಿದೆಯಾ ಅಂತ ನೀವೇ ಕೇಳಿ.

ಪ್ರಶ್ನೆ: ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಿಲ್ಲ. ಹೆಂಡತಿಗೆ ಎಲ್ಲ ಟೆಸ್ಟ್ ಆಗಿದೆ, ಎಲ್ಲವೂ ಸರಿಯಿದೆ. ಕೊನೆಗೆ ನನ್ನದೂ ಮಾಡಿಸಿದೆವು. ವೀರ್ಯಾಣು ಕೌಂಟ್ ಒಂದು ಮಿಲಿಲೀಟರಿಗೆ 90 ಲಕ್ಷ ಅಂತ ಬಂದಿದೆ. ಎಡಗಡೆ ವೆರಿಕೋಸೀಲ್ ಇದೆಯಂತೆ. ಜಿಮ್‌ನಲ್ಲಿ ಹೇಳಿದರು ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋತಿದ್ದೇನೆ, ಕೌಂಟ್ ಹೆಚ್ಚಾಗಲಿ ಅಂತ. ವಯಸ್ಸು 34.
— ಚಿಕ್ಕಮಗಳೂರು

ಉತ್ತರ: ಆ ಇಂಜೆಕ್ಷನ್ ಮುಂದುವರಿಸಬೇಡಿ, ಈ ವಾರವೇ ಯೂರಾಲಜಿಸ್ಟ್ ಅಥವಾ ಹಾರ್ಮೋನ್ ಡಾಕ್ಟರನ್ನು ನೋಡಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಮೆದುಳು, ಇಲ್ಲಿ ಬೇಕಾದಷ್ಟಿದೆ ಅಂದುಕೊಂಡು ಬೀಜಕ್ಕೆ ಕಳಿಸುವ ಆದೇಶ ನಿಲ್ಲಿಸಿಬಿಡುತ್ತೆ. ಆಗ ವೀರ್ಯಾಣು ಹುಟ್ಟುವುದು ಕಡಿಮೆಯಾಗುತ್ತೆ, ಕೆಲವರಲ್ಲಿ ಸೊನ್ನೆಗೂ ಇಳಿಯುತ್ತೆ. ಮೈಕಟ್ಟು ಬರುತ್ತೆ, ಕೌಂಟ್ ಹೋಗುತ್ತೆ. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ವಾಪಸ್ ಬರುತ್ತೆ, ಆದರೆ ತಿಂಗಳುಗಳೇ ಬೇಕು. ನಿಮ್ಮ 90 ಲಕ್ಷ ನಿಮ್ಮದೇ ನಿಜವಾದ ಕೌಂಟೋ, ಇಂಜೆಕ್ಷನ್ ಇಳಿಸಿದ ಕೌಂಟೋ ಅನ್ನೋದು ಆಗಲೇ ಗೊತ್ತಾಗುವುದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಳತೆಯ ಪ್ರಕಾರ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ಅನ್ನೋದು ಕೆಳಗಿನ ಗಡಿ. ನಿಮ್ಮದು ಕಡಿಮೆ, ಹೌದು. ಹಾಗಂತ ಮಕ್ಕಳಾಗುವುದೇ ಇಲ್ಲ ಅಂತ ಅಲ್ಲ, ಇದಕ್ಕಿಂತ ಕಡಿಮೆ ಇದ್ದವರೂ ಅಪ್ಪ ಆಗಿದ್ದಾರೆ. ಒಂದೇ ಟೆಸ್ಟ್ ನಂಬಬೇಡಿ. ಜ್ವರ ಬಂದುಹೋದರೂ ಕೌಂಟ್ ಇಳಿಯುತ್ತೆ. ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು, ಅದಕ್ಕೆ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಟೆಸ್ಟ್‌ಗೆ ಮುಂಚೆ 2ರಿಂದ 7 ದಿನ ಸಂಭೋಗ, ಹಸ್ತಮೈಥುನ ಇರಬಾರದು.

ವೆರಿಕೋಸೀಲ್ ಅಂದರೆ ಬೀಜದ ಮೇಲಿನ ರಕ್ತನಾಳಗಳು ಉಬ್ಬಿಕೊಳ್ಳುವುದು. ನಿಂತಾಗ ಗಂಟು ಗಂಟಾಗಿ ಕೈಗೆ ಸಿಗುತ್ತೆ, ಮಲಗಿದರೆ ಇಳಿಯುತ್ತೆ. ನೂರು ಗಂಡಸರಲ್ಲಿ ಸುಮಾರು 15 ಜನಕ್ಕೆ ಇದು ಇರುತ್ತೆ, ಹೆಚ್ಚಾಗಿ ಎಡಗಡೆ. ಅವರಲ್ಲಿ ಬಹಳ ಜನಕ್ಕೆ ಮಕ್ಕಳಾಗಿದ್ದಾರೆ. ಬೀಜದ ಚೀಲ ಮೈಗಿಂತ ಎರಡು ಮೂರು ಡಿಗ್ರಿ ತಣ್ಣಗಿರಬೇಕು. ಉಬ್ಬಿದ ರಕ್ತನಾಳ ಆ ತಂಪನ್ನು ಕೆಡಿಸುತ್ತೆ ಅನ್ನೋದು ಒಂದು ಮುಖ್ಯ ವಿವರಣೆ. ಕೈಗೆ ಸಿಗುವಷ್ಟು ದೊಡ್ಡದಿದ್ದು, ಕೌಂಟೂ ಕಡಿಮೆ ಇದ್ದರೆ ಆಪರೇಷನ್‌ನಿಂದ ಅನುಕೂಲ ಆಗಬಹುದು. ಬರೀ ಸ್ಕ್ಯಾನಿಂಗ್‌ನಲ್ಲಿ ಕಂಡಿದೆ ಅಂದರೆ ಬೇಡ. ಸಿಗರೇಟು, ಗುಟ್ಕಾ ಇದ್ದರೆ ಬಿಡಿ. ಹೆಂಡ ಕಡಿಮೆ ಮಾಡಿ.

ಇನ್ನೊಂದು ಮಾತು ನಿಮ್ಮ ಮನೆಯವರಿಗೂ ಸೇರಿಸಿ ಹೇಳುತ್ತಿದ್ದೇನೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಭಾಗದಲ್ಲೂ ತೊಂದರೆ ಇರುತ್ತೆ. ವೀರ್ಯಪರೀಕ್ಷೆ ಎಲ್ಲಕ್ಕಿಂತ ಸುಲಭದ ಟೆಸ್ಟ್. ಒಂದು ಬಾಟಲಿ, ಒಂದು ಬೆಳಗ್ಗೆ. ಅದನ್ನು ಕೊನೆಗೆ ಇಟ್ಟು ಮೂರು ವರ್ಷ ಆ ಹೆಣ್ಣುಮಗಳಿಗೆ ಸೂಜಿ, ಸ್ಕ್ಯಾನಿಂಗ್, ಹರಕೆ, ನೆಂಟರ ಮಾತು ಎಲ್ಲ ಹೊರಿಸಿದ್ದು ನನಗೆ ಸಂಕಟ ತಂದಿತು. ರಿಪೋರ್ಟ್ ಬಂದ ವಿಷಯ ನಿಮ್ಮ ತಾಯಿಗೆ ನೀವೇ ಹೇಳಿ, ಹೆಂಡತಿಯಿಂದ ಹೇಳಿಸಬೇಡಿ.

ಪ್ರಶ್ನೆ: 61 ವರ್ಷ. ಬಲಗಡೆ ಚೀಲ ತೆಂಗಿನಕಾಯಿ ಗಾತ್ರ ಆಗಿದೆ. ನೋವಿಲ್ಲ. ಪಂಚೆ ಉಡುವುದರಿಂದ ಯಾರಿಗೂ ಗೊತ್ತಾಗಿಲ್ಲ. ಹೀಗೇ ಬಿಟ್ಟರೆ ಆಗುತ್ತಾ?
— ಬೇಲೂರು ತಾಲ್ಲೂಕು

ಉತ್ತರ: ಹೈಡ್ರೋಸೀಲ್ ಇರಬಹುದು, ಅಂದರೆ ಬೀಜದ ಸುತ್ತ ನೀರು ತುಂಬಿರುವುದು. ಹರ್ನಿಯಾ, ಅಂದರೆ ಕರುಳು ಚೀಲಕ್ಕೆ ಇಳಿದಿರುವುದು, ಇರಲೂಬಹುದು. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಗೆ ಹೋಗುತ್ತಿದ್ದರೆ ಹರ್ನಿಯಾ. ಹರ್ನಿಯಾ ಒಳಗೆ ಹೋಗದೆ ಸಿಕ್ಕಿಕೊಂಡು, ನೋವು, ವಾಂತಿ ಬಂದರೆ ಅವತ್ತೇ ಆಸ್ಪತ್ರೆ, ಕರುಳಿಗೇ ಅಪಾಯ. ಎರಡರಲ್ಲಿ ಯಾವುದಾದರೂ ಆಪರೇಷನ್‌ನಿಂದ ವಾಸಿಯಾಗುತ್ತೆ. ಮೊದಲು ಸ್ಕ್ಯಾನಿಂಗ್ ಮಾಡಿಸಿ, ಒಳಗಿನ ಬೀಜ ಸರಿಯಿದೆಯಾ ಅಂತ ಗೊತ್ತಾಗಬೇಕು. ಬರುವಾಗ ಬಿಪಿಎಲ್ ಕಾರ್ಡು, ಆಧಾರ್ ತನ್ನಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಗುತ್ತಾ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಇಷ್ಟು ದಿನ ಒಬ್ಬರೇ ಹೊತ್ತಿದ್ದು ಸಾಕು.

ಪ್ರಶ್ನೆ: ಹೆಂಡತಿಗೆ ಎರಡೂ ಹೆರಿಗೆ ಸಿಸೇರಿಯನ್. ಇನ್ನೊಂದು ಆಪರೇಷನ್ ಅವಳಿಗೆ ಬೇಡ, ಸಂತಾನಹರಣ ಆಪರೇಷನ್ ನಾನೇ ಮಾಡಿಸಿಕೊಳ್ಳುತ್ತೇನೆ ಅಂದರೆ ಮನೆಯಲ್ಲಿ ಎಲ್ಲರೂ ಬೇಡ ಅಂತಾರೆ. ಶಕ್ತಿ ಹೋಗುತ್ತೆ, ಭಾರ ಎತ್ತೋಕೆ ಆಗಲ್ಲ ಅಂತ. ನಿಜವಾ?
— ಕಡೂರು

ಉತ್ತರ: ನಿಜ ಅಲ್ಲ. ನಿಮ್ಮಂಥ ಯೋಚನೆ ಮಾಡುವ ಗಂಡಂದಿರು ಇನ್ನೂ ಜಾಸ್ತಿ ಆಗಲಿ ಅಂತ ಮನಸಾರೆ ಬಯಸುತ್ತೇನೆ. ಹೊಲಿಗೆ ಇಲ್ಲದ ವ್ಯಾಸೆಕ್ಟಮಿ ಅಂತ ಇದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ತೂತು ಮಾಡಿ, ವೀರ್ಯನಾಳ ಎರಡನ್ನೂ ಕಟ್ಟಿ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು. ಬೀಜ ಇದ್ದಲ್ಲೇ ಇರುತ್ತೆ, ಗಂಡಸಿನ ಹಾರ್ಮೋನ್ ನೇರ ರಕ್ತಕ್ಕೆ ಹೋಗುವುದರಿಂದ ಆಸೆಗೂ ಶಕ್ತಿಗೂ ಏನೂ ಆಗಲ್ಲ. ವೀರ್ಯವೂ ಮೊದಲಿನಂತೆಯೇ ಬರುತ್ತೆ, ಅದರಲ್ಲಿ ವೀರ್ಯಾಣು ಮಾತ್ರ ಇರಲ್ಲ. ಒಂದು ವಾರ ಮೂಟೆ ಎತ್ತಬೇಡಿ, ಬಿಗಿ ಒಳಚಡ್ಡಿ ಹಾಕಿ. ಕತ್ತರಿಸಿದ ಜಾಗದಲ್ಲಿ ಕಾಳಿನಷ್ಟು ಗಂಟು ಕೈಗೆ ಸಿಗಬಹುದು, ಅದಕ್ಕೆ ಗಾಬರಿ ಬೇಡ, ಆದರೆ ಒಮ್ಮೆ ತೋರಿಸಿ. ಮತ್ತೆ ಮಕ್ಕಳು ಬೇಕು ಅಂದಾಗ ಜೋಡಿಸಿಕೊಳ್ಳಬಹುದು ಅಂತ ನಂಬಿಕೊಂಡು ಮಾಡಿಸಬೇಡಿ, ಇದು ಶಾಶ್ವತ ಅಂತಲೇ ತಿಳಿದುಕೊಳ್ಳಿ.

ಮುಖ್ಯವಾದ ಇನ್ನೊಂದು ವಿಷಯ. ಆಪರೇಷನ್ ಆದ ದಿನದಿಂದಲೇ ಇದು ಕೆಲಸ ಮಾಡಲ್ಲ. ಮೇಲಿನ ನಾಳದಲ್ಲಿ ಉಳಿದ ವೀರ್ಯಾಣು ಹೊರಗೆ ಹೋಗೋಕೆ ಮೂರು ತಿಂಗಳು ಬೇಕು. ಅಲ್ಲಿಯ ತನಕ ಕಾಂಡೋಮ್ ಬಳಸಿ, ಮೂರು ತಿಂಗಳಿಗೆ ವೀರ್ಯಪರೀಕ್ಷೆ ಮಾಡಿಸಿ. ಸೊನ್ನೆ ಅಂತ ಬಂದ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿದ ಮೇಲೆಯೇ ಕಾಂಡೋಮ್ ಬಿಡಿ.